ಸಿಎಫ್‌ಎಂ: ಮನೆಯಲ್ಲೇ ಕಾರಿಗೆ ಪೇಂಟ್ ಹೊಡೆಯುವವರು ಮೊದಲು ಕೇಳಬೇಕಾದ ಲೆಕ್ಕ

ಮನೆಯಲ್ಲೇ ಡೆಂಟ್ ತೆಗೆದು, ಪುಟ್ಟಿ ಹಾಕಿ, ಪೇಂಟ್ ಹೊಡೆಯೋಣ ಅಂತ ಹೊರಟವರು ಕಂಪ್ರೆಸರ್ ಅಂಗಡಿಯಲ್ಲಿ ಮೊದಲು ಕೇಳೋದು ‘ಎಷ್ಟು ಎಚ್‌ಪಿ?’ ಅಂತ, ಆಮೇಲೆ ‘ಟ್ಯಾಂಕ್ ಎಷ್ಟು ಲೀಟರ್?’ ಅಂತ. ಎರಡೂ ಗೊತ್ತಿರಬೇಕು, ಸರಿ. ಆದರೆ ಸ್ಪ್ರೇ ಗನ್ ಕೊನೆವರೆಗೂ ಒಂದೇ ಸಮನೆ ಓಡುತ್ತಾ ಅನ್ನೋದು ಗೊತ್ತಾಗುವುದು ಸಿಎಫ್‌ಎಂನಿಂದ.

ಒಂದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ, ಅದೇ ಸಿಎಫ್‌ಎಂ. ಒಂದು ಘನ ಅಡಿ ಅಂದರೆ ಸುಮಾರು 28 ಲೀಟರ್. ಪ್ರೆಶರ್ ಬೇರೆ, ಇದು ಬೇರೆ. ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳುವ ಪುಟಾಣಿ ಟೈರ್ ಪಂಪ್ ಕೂಡ 100 ಪಿಎಸ್‌ಐ ಪ್ರೆಶರ್ ತೋರಿಸುತ್ತದೆ, ಆದರೆ ಅದಕ್ಕೆ ಗನ್ ಹಾಕಿದರೆ ಪೇಂಟ್ ಬರಲ್ಲ. ಗಾಳಿಯೇ ಸಾಲದು.

ಈಗ ಯಾವ ಟೂಲ್ ಎಷ್ಟು ಗಾಳಿ ತಿನ್ನುತ್ತದೆ ನೋಡಿ. ಎಚ್‌ವಿಎಲ್‌ಪಿ (ಜಾಸ್ತಿ ಗಾಳಿ, ಕಡಿಮೆ ಪ್ರೆಶರ್) ಗನ್‌ಗೆ ಸಾಮಾನ್ಯವಾಗಿ 8ರಿಂದ 15 ಸಿಎಫ್‌ಎಂ ಬೇಕು. ಎಲ್‌ವಿಎಲ್‌ಪಿ (ಗಾಳಿಯೂ ಕಡಿಮೆ, ಪ್ರೆಶರೂ ಕಡಿಮೆ) ಗನ್ 3ರಿಂದ 6ರಲ್ಲಿ ಮುಗಿಸುತ್ತದೆ. ಗಾಳಿಯಲ್ಲಿ ಓಡುವ ಸ್ಯಾಂಡರ್ ಕೂಡ ಹೊಟ್ಟೆಬಾಕ, 10-12 ಸಿಎಫ್‌ಎಂ, ಅದೂ ಬಿಡುವಿಲ್ಲದೆ. ನಟ್ಟು ಬಿಚ್ಚುವ ಇಂಪ್ಯಾಕ್ಟ್ ಗನ್ ತಿನ್ನುವುದು ಕೆಲವೇ ಸೆಕೆಂಡು, ಹಾಗಾಗಿ ಅದರ ಚಿಂತೆ ಬೇಡ.

ಟ್ಯಾಂಕ್ ದೊಡ್ಡದಿದ್ದರೆ ಸಾಕಲ್ವಾ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ ಅದು: ಮೋಟಾರ್ ಹತ್ತಿಸುವುದಕ್ಕಿಂತ ಜಾಸ್ತಿ ನೀರು ನಲ್ಲಿಯಲ್ಲಿ ಹೋಗುತ್ತಿದ್ದರೆ ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ಇವತ್ತಲ್ಲ ನಾಳೆ ಖಾಲಿ. ಲೆಕ್ಕ ಹಾಕೋಣ. ಬಾರ್ ಅನ್ನೋದು ಪ್ರೆಶರ್‌ನ ಅಳತೆ; ಒಂದು ಬಾರ್ ಇಳಿದರೆ ಒಂದು ಟ್ಯಾಂಕ್ ಅಳತೆಯಷ್ಟು ಗಾಳಿ ಹೊರಗೆ ಬಂತು ಅಂತ ಲೆಕ್ಕ. 50 ಲೀಟರ್ ಟ್ಯಾಂಕ್ 8 ಬಾರ್‌ನಿಂದ 3 ಬಾರ್‌ಗೆ ಇಳಿಯುವಷ್ಟರಲ್ಲಿ ಕೊಡುವುದು 250 ಲೀಟರ್ ಗಾಳಿ, ಅಂದರೆ ಹೆಚ್ಚುಕಮ್ಮಿ 9 ಘನ ಅಡಿ. ಗನ್‌ಗೆ 10 ಸಿಎಫ್‌ಎಂ ಬೇಕು, ಕಂಪ್ರೆಸರ್ ಕೊಡುವುದು 5 ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 5 ಘನ ಅಡಿ ಕೊರತೆ. ಎರಡು ನಿಮಿಷವೂ ತಡೆಯಲ್ಲ. ಬಾನೆಟ್ ಮೇಲೆ ಅರ್ಧ ಕೋಟ್ ಹೋಗಿರುವಾಗ ಪ್ರೆಶರ್ ಕುಸಿದು, ಗನ್‌ನ ಫ್ಯಾನ್ (ಪೇಂಟ್ ಹರಡುವ ಅಗಲ) ಚಿಕ್ಕದಾಗಿ, ಪೇಂಟ್ ದಪ್ಪ ದಪ್ಪ ಹನಿಯಾಗಿ ಬಿದ್ದು ಕಿತ್ತಳೆ ಸಿಪ್ಪೆ ತರಹ ತರಿ ತರಿ ಆಗುತ್ತದೆ. ಅದನ್ನು ಮತ್ತೆ ವಾಟರ್ ಪೇಪರ್ ಹಾಕಿ ಉಜ್ಜಬೇಕು.

ಇಲ್ಲೊಂದು ವಿಷಯ ಗಮನಿಸಲೇಬೇಕು. ಕಂಪ್ರೆಸರ್ ಡಬ್ಬದ ಮೇಲೆ ಬರೆದಿರುವ ಸಿಎಫ್‌ಎಂ ಬಹಳ ಸಲ ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್. ಸಿಲಿಂಡರ್ ಅಳತೆಯನ್ನು ಆರ್‌ಪಿಎಂನಿಂದ ಗುಣಿಸಿ ಬರೆದದ್ದು, ಅಷ್ಟೇ. ಗನ್‌ಗೆ ಬರುವ ಗಾಳಿ ಅದಕ್ಕಿಂತ ಕಡಿಮೆ. ಯಾಕಂದರೆ ಪಿಸ್ಟನ್ ಮೇಲೆ ಹೋದಾಗ ಹೆಡ್‌ನಲ್ಲಿ ಸ್ವಲ್ಪ ಗಾಳಿ ಉಳಿದು, ಕೆಳಗೆ ಬರುವಾಗ ಅದೇ ಹಿಗ್ಗಿ ಜಾಗ ತಿನ್ನುತ್ತದೆ, ರಿಂಗ್ ಸಂದಿಯಲ್ಲೂ ಒಂದಿಷ್ಟು ಸೋರುತ್ತದೆ, ಬಿಸಿಯಿಂದಲೂ ಒಂದಿಷ್ಟು ನಷ್ಟ. ಸಾಮಾನ್ಯ ಸಿಂಗಲ್ ಸ್ಟೇಜ್ ಪಂಪ್‌ನಲ್ಲಿ ಕೈಗೆ ಸಿಗುವುದು ಸುಮಾರು ಮೂರರಲ್ಲಿ ಎರಡು ಪಾಲು. ಹಾಗೆ ನಿಜವಾಗಿ ಸಿಗುವ ಗಾಳಿಗೆ ಎಫ್‌ಎಡಿ (ಫ್ರೀ ಏರ್ ಡೆಲಿವರಿ) ಅಂತಾರೆ. ಕೇಳಬೇಕಾದ್ದು ಅದನ್ನು, ಅದೂ ಎಷ್ಟು ಪ್ರೆಶರ್‌ನಲ್ಲಿ ಅಂತ ಸೇರಿಸಿ ಕೇಳಬೇಕು.

ಹಾಗಾದರೆ 5 ಎಚ್‌ಪಿ ತಗೊಂಡುಬಿಡೋಣ ಅಂದರೆ ಮನೆಯ ಕರೆಂಟ್ ಒಪ್ಪಲ್ಲ. ಸಿಂಗಲ್ ಫೇಸ್‌ನಲ್ಲಿ 2 ಎಚ್‌ಪಿ ಮೋಟಾರೇ 10 ಆಂಪ್ಸ್ ಆಸುಪಾಸು ಎಳೆಯುತ್ತದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು. 16 ಆಂಪ್ಸ್ ಸಾಕೆಟ್ ಇರಲೇಬೇಕು. ತೆಳ್ಳಗಿನ ಎಕ್ಸ್‌ಟೆನ್ಶನ್ ವೈರ್ ಬೇಡವೇ ಬೇಡ; ದೂರ ಬೇಕಾದರೆ ಗಾಳಿಯ ಪೈಪ್ ಉದ್ದ ಮಾಡಿ, ಅದೂ ಕಾಲು ಇಂಚಿನದ್ದಲ್ಲ, ಪ್ರೆಶರ್ ದಾರಿಯಲ್ಲೇ ಕಳೆದುಕೊಳ್ಳದ ಹಾಗೆ ಸ್ವಲ್ಪ ಅಗಲದ್ದು.

ನನ್ನ ಮಾತು ಕೇಳುವುದಾದರೆ, ಮನೆಗೆ 2 ಎಚ್‌ಪಿ ಬೆಲ್ಟ್ ಕಂಪ್ರೆಸರ್, ಜೊತೆಗೆ ಎಲ್‌ವಿಎಲ್‌ಪಿ ಗನ್ ಸಾಕು. ಉಜ್ಜುವ ಕೆಲಸ ಕೈಯಲ್ಲಿ ಅಥವಾ ಕರೆಂಟ್ ಸ್ಯಾಂಡರ್‌ನಲ್ಲಿ ಮಾಡಿ. ಇವತ್ತು ಬಂಪರ್, ನಾಳೆ ಫೆಂಡರ್ ಅಂತ ಒಂದೊಂದೇ ಪ್ಯಾನೆಲ್ ಹೊಡೆಯಿರಿ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿ ಕಡೆ, ಗಾಳಿಯ ತೇವದಿಂದ ಕಂಪ್ರೆಸರ್ ಟ್ಯಾಂಕಿನಲ್ಲಿ ಸೇರುವ ನೀರನ್ನು ದಿನಾ ಹೊರಗೆ ಬಿಡಿ. 2ಕೆ ಕ್ಲಿಯರ್ ಕೋಟ್ (ಹಾರ್ಡನರ್ ಬೆರೆಸಿ ಹೊಡೆಯುವ, ಬಣ್ಣವಿಲ್ಲದ ಮೇಲಿನ ಪದರ) ಹೊಡೆಯುವವರು ಮಾಸ್ಕ್‌ಗೆ ಬೇರೆ ದುಡ್ಡು ಎತ್ತಿಡಲೇಬೇಕು. ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಬಟ್ಟೆ ಮಾಸ್ಕ್ ಅದನ್ನು ತಡೆಯಲ್ಲ.

ಎಫ್‌ಎಡಿ ಎಲ್ಲೂ ಬರೆದಿಲ್ಲ ಅಂದರೆ ಅಂಗಡಿಯಲ್ಲೇ ಅಳೆಯಬಹುದು. ಗಾಳಿ ಹೊರಹೋಗುವ ವಾಲ್ವ್ ಮುಚ್ಚಿಸಿ, ಮೋಟಾರ್ ಆನ್ ಮಾಡಿಸಿ, ಮುಳ್ಳು 4 ಬಾರ್‌ನಿಂದ 8 ಬಾರ್‌ಗೆ ಹೋಗಲು ಎಷ್ಟು ಹೊತ್ತು ಬೇಕು ಅಂತ ಮೊಬೈಲ್‌ನಲ್ಲಿ ನೋಡಿ. 50 ಲೀಟರ್ ಟ್ಯಾಂಕ್ ಆದರೆ 4 ಬಾರ್ ಅಂದರೆ 200 ಲೀಟರ್, ಅಂದರೆ 7 ಘನ ಅಡಿ. ಒಂದೂವರೆ ನಿಮಿಷ ಹಿಡಿದರೆ 5 ಸಿಎಫ್‌ಎಂಗೂ ಸ್ವಲ್ಪ ಕಡಿಮೆ. ನಿಮ್ಮ ಗನ್ ಕೇಳುವುದು ಅದಕ್ಕಿಂತ ಜಾಸ್ತಿಯಾದರೆ ಗನ್ ಬದಲಿಸಿ, ಇಲ್ಲವೇ ಪಕ್ಕದ ಕಂಪ್ರೆಸರ್ ಆನ್ ಮಾಡಿಸಿ ನೋಡಿ.