ಲೆಕ್ಕಕ್ಕೆ ಸಿಗದ ನಾಯಿಗೂ ಮಾತ್ರೆ ಬೇಕು

ನಾಯಿಯ ಹೊಟ್ಟೆಯಲ್ಲಿ ಹುಳು ಆಗಿದೆ, ಒಂದು ಮಾತ್ರೆ ಕೊಡಿ ಎಂದು ಬರುವವರನ್ನು ನಾನು ಮೊದಲು ಕೇಳುವುದು ಮನೆಯಲ್ಲಿ ಒಟ್ಟು ಎಷ್ಟು ನಾಯಿ ಎಂದು. ಮೂರು ಎನ್ನುತ್ತಾರೆ. ಕೊಟ್ಟಿಗೆಯಲ್ಲಿ ಮಲಗುವುದು? "ಅದು ನಮ್ದಲ್ಲ ಡಾಕ್ಟ್ರೇ, ಎಲ್ಲಿಂದಲೋ ಬಂದು ಸೇರ್ಕೊಂಡಿದೆ." ತೋಟದಲ್ಲಿ ಕಾಯುವುದು? "ಅದು ಕೆಲಸದವರದ್ದು." ಅನ್ನ ಹಾಕುವವರು ಯಾರು ಎಂದರೆ ಮಾತ್ರ ನಗುತ್ತಾರೆ. ಮಲೆನಾಡಿನ ಮನೆಗಳಲ್ಲಿ ಈ ಸಂಭಾಷಣೆ ನನಗೆ ಬಾಯಿಪಾಠವಾಗಿದೆ. ಬಂದ ನಾಯಿಯನ್ನು ಓಡಿಸದೆ ಅನ್ನ ಹಾಕುವ ಈ ಜನರ ಮೇಲೆ ನನಗೆ ನಿಜವಾದ ಪ್ರೀತಿಯಿದೆ. ಆದರೆ ಅನ್ನದ ಲೆಕ್ಕಕ್ಕೆ ಸೇರಿದ ನಾಯಿ ಮಾತ್ರೆಯ ಲೆಕ್ಕದಿಂದ ಯಾಕೆ ಬಿಟ್ಟುಹೋಗುತ್ತದೆ ಎಂಬುದು ಮಾತ್ರ ನನಗೆ ಅರ್ಥವಾಗುವುದಿಲ್ಲ.

ಜಂತುಹುಳುವಿನ ಮಾತ್ರೆ ಲಸಿಕೆಯಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಇನ್ನೊಮ್ಮೆ ಹೇಳುತ್ತೇನೆ. ಸಾಮಾನ್ಯವಾಗಿ ಕೊಡುವ ಮಾತ್ರೆ ಆ ಹೊತ್ತಿಗೆ ಕರುಳಿನಲ್ಲಿರುವ ಹುಳುಗಳನ್ನು ಕೊಲ್ಲುತ್ತದೆ, ಆಮೇಲೆ ದೇಹದಿಂದ ಹೊರಟುಹೋಗುತ್ತದೆ. ಮುಂದಿನ ಮೂರು ತಿಂಗಳು ಕಾವಲು ನಿಲ್ಲುವುದಿಲ್ಲ. ಈ ವಾರ ಮಾತ್ರೆ ನುಂಗಿದ ನಾಯಿ ಮುಂದಿನ ವಾರ ಅದೇ ಅಂಗಳದಲ್ಲಿ ಹೊಸ ಹುಳು ಹತ್ತಿಸಿಕೊಳ್ಳಬಹುದು.

ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳುವನ್ನೇ ನೋಡಿ. ಮಾತ್ರೆ ಸಿಗದ ನಾಯಿ ಬಾಳೆಗಿಡದ ಬುಡದಲ್ಲಿ ಮಲ ಹಾಕುತ್ತದೆ. ನೆರಳು, ತೇವ, ಬೆಚ್ಚನೆಯ ಮಣ್ಣು ಸಿಕ್ಕರೆ ಅದರಲ್ಲಿರುವ ಮೊಟ್ಟೆ ಒಡೆದು ಸುಮಾರು ಒಂದು ವಾರದಲ್ಲಿ ಮರಿಹುಳು ಸೋಂಕು ತಗಲಿಸಲು ಸಿದ್ಧ. ನಾಯಿ ಪಾದ ನೆಕ್ಕಿದರೆ ಬಾಯಿಯ ಮೂಲಕ ಒಳಗೆ ಹೋಗುತ್ತದೆ, ಸುಮ್ಮನೆ ಮಲಗಿದ್ದರೂ ಚರ್ಮ ಕೊರೆದು ಹೋಗಬಲ್ಲದು. ಎರಡು ಮೂರು ವಾರ ಕಳೆದರೆ ಮಾತ್ರೆ ತಿಂದ ನಾಯಿಯ ಮಲದಲ್ಲೂ ಮತ್ತೆ ಮೊಟ್ಟೆ. ಆಗ ನನ್ನ ಹತ್ತಿರ ಬಂದು, "ಆ ಕಂಪನಿ ಮಾತ್ರೆ ಸರಿ ಇಲ್ಲ, ಬೇರೆ ಕೊಡಿ" ಎನ್ನುತ್ತಾರೆ. ಮದ್ದಿಗೆ ಬಗ್ಗದ ಕೊಕ್ಕೆಹುಳು ಇಲ್ಲವೆಂದು ನಾನು ಹೇಳುವುದಿಲ್ಲ, ಅಮೆರಿಕದಲ್ಲಿ ಅಂಥವು ದಾಖಲಾಗಿವೆ. ಆದರೆ ಮನೆಯ ಅರ್ಧ ನಾಯಿಗಳಿಗೆ ಮಾತ್ರೆಯೇ ಸಿಕ್ಕಿಲ್ಲದಿರುವಾಗ ಮಾತ್ರೆಯನ್ನು ದೂರುವುದು ಸರಿಯಲ್ಲ.

ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮನ ಮನೆಯಲ್ಲಿ ಹೀಗೇ ಆಯಿತು. ಮೊಮ್ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಲ್ಯಾಬ್ರಡಾರ್‌ಗೆ ತಿಂಗಳು ತಪ್ಪದೆ ಮಾತ್ರೆ. ಆದರೂ ಅದರ ವಸಡು ಬಿಳಚಿಕೊಂಡೇ ಇತ್ತು, ಅಂದರೆ ಮೈಯಲ್ಲಿ ರಕ್ತ ಕಡಿಮೆ. ಉಳಿದವು ಊರ ನಾಯಿಗಳು, "ಗಟ್ಟಿ ಜೀವ, ಅವಕ್ಕೇನೂ ಆಗಲ್ಲ" ಎಂದರು. ಎಲ್ಲ ನಾಯಿಗಳ ಮಲವನ್ನೂ ಬೇರೆ ಬೇರೆ ಡಬ್ಬಿಯಲ್ಲಿ ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅತಿ ಹೆಚ್ಚು ಮೊಟ್ಟೆ ಕಂಡದ್ದು ಕೊಟ್ಟಿಗೆಯ ದಷ್ಟಪುಷ್ಟ ನಾಯಿಯ ಮಲದಲ್ಲಿ, ಅದೂ ಮೈ ಮಿರಮಿರ ಮಿಂಚುತ್ತಿದ್ದ ನಾಯಿ! ಬೆಳೆದ ನಾಯಿ ಸ್ವಲ್ಪ ಹುಳುವನ್ನು ತಾಳಿಕೊಂಡು ಆರೋಗ್ಯವಾಗಿಯೇ ಕಾಣಬಹುದು, ಅದೇ ಹೊತ್ತಿಗೆ ಅಂಗಳದ ತುಂಬ ಮೊಟ್ಟೆ ಹರಡುತ್ತಲೂ ಇರಬಹುದು. ಆ ಅಮ್ಮ ಮರುದಿನವೇ ಎಲ್ಲಕ್ಕೂ ಮಾತ್ರೆ ತರಿಸಿದರು. ಪ್ರತಿ ನಾಯಿಯನ್ನೂ ಬೇರೆ ಬೇರೆ ಕಂಬಕ್ಕೆ ಕಟ್ಟಿಸಿ, ಕಡುಬಿನ ತುಂಡಿನಲ್ಲಿ ಇಟ್ಟು ಕೈಯಾರೆ ತಿನ್ನಿಸಿದರು.

ಬೇರೆ ಬೇರೆ ಕಟ್ಟುವುದು ಮುಖ್ಯ. ಎಲ್ಲ ಮಾತ್ರೆ ಪುಡಿ ಮಾಡಿ ಒಂದೇ ಪಾತ್ರೆಯ ಅನ್ನಕ್ಕೆ ಕಲಸುವವರಿದ್ದಾರೆ. ಜೋರಿನ ನಾಯಿ ಮೂವರ ಪಾಲು ತಿನ್ನುತ್ತದೆ, ಅಂಜುಬುರುಕ ಮೂಸಿ ಹೋಗುತ್ತದೆ. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಎಂಬ ಮೂರು ಹುಳುಮದ್ದು ಸೇರಿದ ಮಾತ್ರೆ ಸಾಮಾನ್ಯವಾಗಿ 10 ಕೆ.ಜಿ. ತೂಕಕ್ಕೆ ಒಂದು. ಆದರೂ ಪಟ್ಟಿಯ ಮೇಲಿನ ಪ್ರಮಾಣ ಓದಿ, ಗಬ್ಬದ ನಾಯಿಯಾದರೆ ವೈದ್ಯರನ್ನು ಕೇಳದೆ ಕೊಡಬೇಡಿ. ತೂಕವನ್ನು ಕಣ್ಣಳತೆಯಲ್ಲಿ ಹೇಳಬೇಡಿ. ಅಡಿಕೆ ತೂಗುವ ಕಾಟಾ ಮನೆಯಲ್ಲೇ ಇರುತ್ತದಲ್ಲ, ನಾಯಿಯನ್ನು ಎತ್ತಿಕೊಂಡು ಅದರ ಮೇಲೆ ನಿಂತು ನಿಮ್ಮ ತೂಕ ಕಳೆಯಿರಿ.

ಎರಡು ಮೂರು ವಾರ ಬಿಟ್ಟು ಎಲ್ಲಕ್ಕೂ ಇನ್ನೊಂದು ಸುತ್ತು ಕೊಡಲು ಹೇಳುವುದು ಮಾತ್ರೆ ಮಾರುವ ಆಸೆಗಲ್ಲ. ಕೊಕ್ಕೆಹುಳುವಿನ ಒಂದಿಷ್ಟು ಮರಿಗಳು ನಾಯಿಯ ಸ್ನಾಯುಗಳಲ್ಲಿ ಸುಮ್ಮನೆ ಅಡಗಿರುತ್ತವೆ. ಮಾತ್ರೆ ಅವನ್ನು ಮುಟ್ಟುವುದಿಲ್ಲ. ಕರುಳು ಖಾಲಿಯಾದ ಮೇಲೆ ಅವು ಇಳಿದು ಬಂದು ಬೆಳೆಯುತ್ತವೆ, ಎರಡನೆಯ ಸುತ್ತು ಇರುವುದು ಅವಕ್ಕೆ. ಅದಾದ ಮೇಲೂ ಮಲದಲ್ಲಿ ಮೊಟ್ಟೆ ಸಿಕ್ಕರೆ ಆಗ ಔಷಧ ಬದಲಿಸುವ ಮಾತಾಡೋಣ.

ಮರಿ ಹಾಕಿದ ನಾಯಿಯಿದ್ದರೆ ಇನ್ನೂ ಹುಷಾರಾಗಿರಬೇಕು. ದುಂಡುಹುಳು ಗರ್ಭದಲ್ಲೇ ಮರಿಗಳಿಗೆ ದಾಟುತ್ತದೆ, ಹಾಲಿನಲ್ಲೂ ಹೋಗುತ್ತದೆ. ಆದ್ದರಿಂದ ಮರಿಗೆ ಎರಡು ವಾರ ತುಂಬಿದಾಗಲೇ ಸಿರಪ್ ಶುರು ಮಾಡಿ ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ ಕೊಡುತ್ತೇವೆ, ಜೊತೆಗೆ ತಾಯಿಗೂ. "ಕಣ್ಣೇ ಸರಿಯಾಗಿ ಬಿಟ್ಟಿಲ್ಲ, ಈಗಲೇ ಮದ್ದಾ?" ಎಂದು ಹಿಂಜರಿಯಬೇಡಿ. ಕೊಕ್ಕೆಹುಳುವಂತೂ ಪುಟ್ಟ ಮರಿಯ ರಕ್ತ ಹೀರಿ ಕೆಲವೇ ದಿನಗಳಲ್ಲಿ ಕೊಂದುಬಿಡಬಹುದು.

ಬಾಲದ ಬುಡದಲ್ಲಿ ಸೌತೆಬೀಜದಂಥದ್ದು ಅಂಟಿಕೊಂಡಿದ್ದರೆ ಅದು ಲಾಡಿಹುಳುವಿನ ತುಂಡು. ಅದು ಬರುವುದು ನಾಯಿ ನುಂಗುವ ಚಿಗಟದಿಂದ. ಚಿಗಟ ಬಿಟ್ಟು ಹುಳುವಿಗೆ ಮಾತ್ರ ಮದ್ದು ಮಾಡಿದರೆ ಮುಂದಿನ ತಿಂಗಳು ಮತ್ತೆ ಅದೇ ಕತೆ. ಮನೆಯ ಬೆಕ್ಕನ್ನೂ ಮರೆಯಬೇಡಿ. ಆದರೆ ನಾಯಿಗೆ ತಂದ, ಪರ್ಮೆಥ್ರಿನ್ ಇರುವ ಚಿಗಟದ ಮದ್ದನ್ನು ಬೆಕ್ಕಿಗೆ ಹಾಕಲೇಬೇಡಿ, ಜೀವಕ್ಕೇ ಅಪಾಯ.

ಅಂಗಳಕ್ಕೆ ಫಿನಾಯಿಲ್ ಸುರಿದು ನಿಶ್ಚಿಂತೆಯಿಂದ ಇರುವವರಿಗೂ ಒಂದು ಮಾತು. ದುಂಡುಹುಳುವಿನ ಮೊಟ್ಟೆಯ ಸಿಪ್ಪೆ ಬಲು ಗಟ್ಟಿ, ಫಿನಾಯಿಲ್‌ಗೆ ಸಾಯುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಆದರೆ ಮಲದೊಡನೆ ಬಿದ್ದ ಈ ದುಂಡುಹುಳುವಿನ ಮೊಟ್ಟೆ ಸೋಂಕು ತಗಲಿಸುವ ಹಂತಕ್ಕೆ ಬರಲು ಎರಡು ವಾರವಾದರೂ ಬೇಕು. ದಿನಾ ಬೆಳಿಗ್ಗೆ ಮಲ ಎತ್ತಿ ದೂರದಲ್ಲಿ ಆಳವಾಗಿ ಹೂತರೆ ಫಿನಾಯಿಲ್‌ನಿಂದ ಆಗದ ಕೆಲಸ ಗುದ್ದಲಿಯಿಂದ ಆಗುತ್ತದೆ. ಅಂಗಳದಲ್ಲಿ ಬರಿಗಾಲಲ್ಲಿ ಆಡುವ ಮಕ್ಕಳಿದ್ದರಂತೂ ಇದನ್ನು ತಪ್ಪಿಸಬೇಡಿ, ನಾಯಿಯ ಕೊಕ್ಕೆಹುಳುವಿನ ಮರಿ ಅವರ ಚರ್ಮವನ್ನೂ ಕೊರೆಯಬಲ್ಲದು. ಮಗುವಿನ ಪಾದದಲ್ಲಿ ಹಾವಿನಂತೆ ಹರಿಯುವ, ವಿಪರೀತ ತುರಿಸುವ ಕೆಂಪು ಗೆರೆ ಕಂಡರೆ ಚರ್ಮವೈದ್ಯರಿಗೆ ತೋರಿಸಿ, ಮನೆಯಲ್ಲಿ ನಾಯಿಗಳಿವೆ ಎಂದೂ ಹೇಳಿ.

ಇಷ್ಟು ನಾಯಿಗೆ ಒಟ್ಟಿಗೆ ಮಾತ್ರೆ ತರುವುದು ಕೈಗೆ ಭಾರ ಎನ್ನುವವರ ಕಷ್ಟ ನನಗೆ ಗೊತ್ತು. ಬೆಳೆದ ನಾಯಿಗಳು ಚೆನ್ನಾಗಿ ತಿಂದುಂಡು ಓಡಾಡಿಕೊಂಡಿದ್ದರೆ ಇಂದು ಒಂದಕ್ಕೆ, ಮುಂದಿನ ತಿಂಗಳು ಇನ್ನೊಂದಕ್ಕೆ ಎಂದು ಹಂಚಬೇಡಿ. ಹಣ ಹೊಂದಿಸಲು ಒಂದು ವಾರ ಕಾದು, ಕೊಟ್ಟಿಗೆಯದ್ದನ್ನೂ ತೋಟದ್ದನ್ನೂ ಸೇರಿಸಿ ಎಲ್ಲಕ್ಕೂ ಒಂದೇ ದಿನ ಕೊಡಿ. ಮರಿಗಳು, ಹಾಲೂಡುವ ತಾಯಿ, ವಸಡು ಬಿಳಚಿದ ನಾಯಿ, ಮಲದಲ್ಲಿ ರಕ್ತ ಹೋಗುವ ನಾಯಿ ಇದ್ದರೆ ಮಾತ್ರ ಕಾಯಬೇಡಿ, ಅವತ್ತೇ ಕರೆತನ್ನಿ.