ನೆರವಾದ ಫ್ರಾನ್ಸ್‌ಗೆ ಅಮೆರಿಕ ಕೈಕೊಟ್ಟಿತಾ?

ಪ್ರಶ್ನೆ: ಬ್ರಿಟಿಷರ ವಿರುದ್ಧ ಹೋರಾಡುವಾಗ ಫ್ರಾನ್ಸ್ ಜೊತೆಗೆ ನಿಂತಿದ್ದರಿಂದ ಅಮೆರಿಕಕ್ಕೆ ಸ್ವಾತಂತ್ರ್ಯ ಸಿಕ್ಕಿತು. ಮುಂದೆ 1793ರಲ್ಲಿ ಫ್ರಾನ್ಸ್‌ಗೂ ಅದೇ ಬ್ರಿಟಿಷರಿಗೂ ಯುದ್ಧ ಶುರುವಾದಾಗ ಜಾರ್ಜ್ ವಾಷಿಂಗ್ಟನ್ ಸರ್ಕಾರ ‘ನಾವು ಯಾರ ಕಡೆಗೂ ಇಲ್ಲ’ ಅಂದುಬಿಟ್ಟಿತು. ಇದು ಉಂಡ ಮನೆಗೆ ಎರಡು ಬಗೆದ ಹಾಗಲ್ವಾ?

ಉತ್ತರ: ಕೈಕೊಟ್ಟಿದ್ದು ಹೌದು. ಆದರೆ 1793ರಲ್ಲಿ ಅಲ್ಲ. ಅದಾದ ಒಂದೂವರೆ ವರ್ಷದ ಮೇಲೆ, ಲಂಡನ್ನಿನಲ್ಲಿ. ಈ ಎರಡನ್ನೂ ಒಂದೇ ಅಂದುಕೊಂಡರೆ ಅಮೆರಿಕದ ಮೊದಲ ವರ್ಷಗಳ ರಾಜಕೀಯ ಅರ್ಥವೇ ಆಗುವುದಿಲ್ಲ.

ಮೊದಲು ಋಣದ ಮಾತು. ಅದು ಸಣ್ಣದಲ್ಲ. 1778ರ ಫೆಬ್ರವರಿ 6ರಂದು ಫ್ರಾನ್ಸ್ ಎರಡು ಒಪ್ಪಂದಗಳಿಗೆ ಸಹಿ ಹಾಕಿತು. ಒಂದು ವ್ಯಾಪಾರದ್ದು, ಇನ್ನೊಂದು ಯುದ್ಧದಲ್ಲಿ ಜೊತೆಗೂಡುವುದು. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾದಾಗ ಸಮುದ್ರದ ದಾರಿ ಮುಚ್ಚಿದ್ದು ಫ್ರಾನ್ಸಿನ ಹಡಗುಪಡೆ. ನೆಲದ ಮೇಲೆ ವಾಷಿಂಗ್ಟನ್ ಪಕ್ಕದಲ್ಲಿ ಇದ್ದದ್ದು ಫ್ರಾನ್ಸಿನ ಸೈನ್ಯ. ಹತ್ತು ವರ್ಷದ ಮೇಲೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡ ಕಾರ್ನ್‌ವಾಲಿಸ್ ಇವನೇ. ಎರಡೂ ಕಡೆ ನಡೆಯುತ್ತಿದ್ದದ್ದು ಒಂದೇ ದೊಡ್ಡ ಜಗಳ ಅನ್ನುವುದು ಅಮೆರಿಕದವರಿಗೆ ಆಗಲೇ ಗೊತ್ತಿತ್ತು. 1782ರಲ್ಲಿ ಪೆನ್ಸಿಲ್ವೇನಿಯದವರು ಡೆಲವೇರ್ ಕೊಲ್ಲಿಗೆ ಇಳಿಸಿದ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು. ಅದು ತನಗಿಂತ ಬಲವಾದ ಬ್ರಿಟಿಷ್ ನೌಕೆಯೊಂದನ್ನು ಹಿಡಿದೂ ಹಿಡಿಯಿತು.

ಆದರೆ ಆಗಿನ ಕಾಲದಲ್ಲಿ ‘ಮಿತ್ರ’ ಅನ್ನುವ ಮಾತಿಗೆ ಎಷ್ಟು ತೂಕವಿತ್ತು ಅನ್ನುವುದನ್ನೂ ನೋಡಬೇಕು. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದ. ಫ್ರೆಂಚ್ ಪಡೆ ಅವನ ಜೊತೆಗಿತ್ತು. ಯುರೋಪಿನಲ್ಲಿ ಶಾಂತಿ ಆಗಿದೆ ಅನ್ನುವ ಸುದ್ದಿ ಬಂದದ್ದೇ ತಡ, ಫ್ರೆಂಚರು ಮುತ್ತಿಗೆಯನ್ನು ಅರ್ಧದಲ್ಲೇ ಬಿಟ್ಟು ಎದ್ದರು. ಅಮೆರಿಕದವರೂ 1782ರ ನವೆಂಬರ್‌ನಲ್ಲಿ ಫ್ರಾನ್ಸನ್ನು ಕೇಳದೆಯೇ ಬ್ರಿಟಿಷರ ಜೊತೆ ಶಾಂತಿಯ ಕರಡಿಗೆ ಸಹಿ ಹಾಕಿದ್ದರು. ಹಾಗಾಗಿ ಉಂಡ ಮನೆಯ ಲೆಕ್ಕ ಇಲ್ಲಿ ಪೂರ್ತಿ ಹೊಂದುವುದಿಲ್ಲ.

ಈಗ 1793ಕ್ಕೆ ಬರೋಣ. ಜನವರಿ 21ರಂದು ಪ್ಯಾರಿಸ್‌ನಲ್ಲಿ ಕ್ರಾಂತಿಕಾರರು ರಾಜ 16ನೇ ಲೂಯಿಯ ತಲೆ ಕಡಿದರು. ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡ ರಾಜ ಅವನೇ. ಹನ್ನೊಂದೇ ದಿನದಲ್ಲಿ, ಫೆಬ್ರವರಿ 1ರಂದು, ಫ್ರಾನ್ಸ್ ಬ್ರಿಟನ್ ಮೇಲೆ ಯುದ್ಧ ಸಾರಿತು. ಸುದ್ದಿ ಅಟ್ಲಾಂಟಿಕ್ ದಾಟುವ ಹೊತ್ತಿಗೆ ಏಪ್ರಿಲ್. ವಾಷಿಂಗ್ಟನ್ ತಮ್ಮ ಊರು ಮೌಂಟ್ ವರ್ನನ್‌ನಿಂದ ಆಗಿನ ರಾಜಧಾನಿ ಫಿಲಡೆಲ್ಫಿಯಕ್ಕೆ ಅವಸರದಲ್ಲಿ ಹೊರಟು ಬಂದರು. 18ನೇ ತಾರೀಖು ಮಂತ್ರಿಗಳಿಗೆ 13 ಪ್ರಶ್ನೆ ಬರೆದು ಕಳಿಸಿದರು. ಫ್ರಾನ್ಸಿನ ಹೊಸ ರಾಯಭಾರಿಯನ್ನು ಬರಮಾಡಿಕೊಳ್ಳಬೇಕಾ? ರಾಜನೇ ಇಲ್ಲದ ಮೇಲೆ ಹಳೆ ಒಪ್ಪಂದ ಉಳಿಯುತ್ತದಾ? ಆ ಒಪ್ಪಂದದ 11ನೇ ಕಲಮಿನ ಪ್ರಕಾರ ಅಮೆರಿಕ ಖಂಡದಲ್ಲಿದ್ದ ಫ್ರಾನ್ಸಿನ ನೆಲವನ್ನು ಉಳಿಸಿಕೊಡುವ ಹೊಣೆ ಅಮೆರಿಕದ್ದು. ಅಂದರೆ ಮುಖ್ಯವಾಗಿ ಕೆರಿಬಿಯನ್ ದ್ವೀಪಗಳು.

ಹಣಕಾಸು ನೋಡುತ್ತಿದ್ದ ಹ್ಯಾಮಿಲ್ಟನ್ ಹೇಳಿದ್ದು: ಮಾತು ಕೊಟ್ಟಿದ್ದು ರಾಜನಿಗೆ, ಸದ್ಯಕ್ಕೆ ಒಪ್ಪಂದವನ್ನು ತಡೆಹಿಡಿಯೋಣ. ವಿದೇಶಾಂಗ ನೋಡುತ್ತಿದ್ದ ಜೆಫರ್ಸನ್ ಒಪ್ಪಲಿಲ್ಲ. ಒಪ್ಪಂದ ಆಗಿದ್ದು ಜನರ ಜೊತೆ, ರಾಜ ಹೋದರೆ ಜನ ಹೋಗುತ್ತಾರಾ ಅನ್ನುವುದು ಅವರ ವಾದ. ಈ ವಾದದಲ್ಲಿ ನಾನು ಜೆಫರ್ಸನ್ ಕಡೆ. ವಾಷಿಂಗ್ಟನ್ ಕೂಡ ಹಾಗೇ ನಡೆದುಕೊಂಡರು. ಒಪ್ಪಂದ ಉಳಿಯಿತು, ರಾಯಭಾರಿಗೆ ಬಾಗಿಲು ತೆರೆಯಿತು. ಯುದ್ಧ ಬೇಡ ಅನ್ನುವುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಅಮೆರಿಕದ ಹತ್ತಿರ ಆಗ ಒಂದೂ ಯುದ್ಧನೌಕೆ ಇರಲಿಲ್ಲ. ಕೊನೆಯದನ್ನು 1785ರಲ್ಲೇ ಮಾರಿಯಾಗಿತ್ತು. ಸರ್ಕಾರದ ಆದಾಯದ ಬಹುಪಾಲು ಬರುತ್ತಿದ್ದದ್ದು ಬಂದರಿನ ಸುಂಕದಿಂದ. ಆ ಬಂದರುಗಳಿಗೆ ಬರುತ್ತಿದ್ದ ಸರಕಿನಲ್ಲಿ ಹೆಚ್ಚಿನದು ಬ್ರಿಟನ್ನಿನದು.

ಏಪ್ರಿಲ್ 22ರಂದು ಘೋಷಣೆ ಹೊರಟಿತು. ಇದನ್ನು ‘ತಟಸ್ಥತೆಯ ಘೋಷಣೆ’ ಅಂತ ಕರೆಯುವುದು ರೂಢಿ. ಆದರೆ ಅದರಲ್ಲಿ ‘ತಟಸ್ಥ’ ಅನ್ನುವ ಪದವೇ ಇಲ್ಲ. ಜೆಫರ್ಸನ್ ಹಟ ಹಿಡಿದು ಆ ಪದ ಬಾರದಂತೆ ನೋಡಿಕೊಂಡರು. ಎರಡೂ ಕಡೆಯವರ ಜೊತೆ ಸ್ನೇಹದಿಂದ, ಪಕ್ಷಪಾತವಿಲ್ಲದೆ ಇರುತ್ತೇವೆ ಅಂತಷ್ಟೇ ಬರೆದರು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ‘ನಮ್ಮ ಪರ ಯುದ್ಧಕ್ಕೆ ಬನ್ನಿ’ ಅಂತ ಫ್ರಾನ್ಸ್ ಕೇಳಲೇ ಇಲ್ಲ. ಹೊಸ ರಾಯಭಾರಿ ಜೆನೇ ಬಂದವನೇ, ದ್ವೀಪಗಳ ರಕ್ಷಣೆಗೆ ನಿಮ್ಮನ್ನು ಕರೆಯುವ ಹಕ್ಕು ನಮಗಿದೆ, ಆದರೆ ಕರೆಯುವುದಿಲ್ಲ ಅಂದ. ಯುದ್ಧದಿಂದ ದೂರ ಉಳಿದು ಹಿಟ್ಟು, ಧಾನ್ಯ ಕಳಿಸುವ ಅಮೆರಿಕವೇ ಫ್ರಾನ್ಸ್‌ಗೆ ಜಾಸ್ತಿ ಉಪಯೋಗ. ಕೇಳದೇ ಇರುವ ಸಹಾಯವನ್ನು ಕೊಡಲಿಲ್ಲ ಅನ್ನುವುದು ದ್ರೋಹ ಆಗುವುದಿಲ್ಲ.

ಆ ಜೆನೇ ಮಾಡಿದ ಅವಾಂತರ ಬೇರೆ. ಅಮೆರಿಕದ ಬಂದರುಗಳಲ್ಲೇ ಹಡಗುಗಳಿಗೆ ಫಿರಂಗಿ ಕಟ್ಟಿಸಿ ಬ್ರಿಟಿಷ್ ಹಡಗುಗಳ ಮೇಲೆ ಬಿಡಲು ಶುರು ಮಾಡಿದ. ಬೇಡ ಅಂದರೆ, ವಾಷಿಂಗ್ಟನ್‌ರನ್ನು ಬಿಟ್ಟು ನೇರ ಜನರ ಹತ್ತಿರ ಹೋಗುತ್ತೇನೆ ಅಂದ. ಜೆಫರ್ಸನ್‌ಗೂ ಸಾಕಾಯಿತು. ಆಗಸ್ಟ್‌ನಲ್ಲಿ ಅವನನ್ನು ವಾಪಸ್ ಕರೆಸಿಕೊಳ್ಳಿ ಅಂತ ಫ್ರಾನ್ಸ್‌ಗೆ ಬರೆದರು.

ಕೈಕೊಟ್ಟಿದ್ದು ಇದಾದ ಮೇಲೆ. 1793ರ ಕೊನೆಯಿಂದ ಬ್ರಿಟಿಷರು ಕೆರಿಬಿಯನ್ನಿನಲ್ಲಿ ಅಮೆರಿಕದ ಹಡಗುಗಳನ್ನು ನೂರಾರು ಸಂಖ್ಯೆಯಲ್ಲಿ ಹಿಡಿದರು. ಯುದ್ಧ ಆಗಿಯೇಬಿಡುತ್ತದೆ ಅನ್ನುವ ಸ್ಥಿತಿ. ಅದನ್ನು ತಪ್ಪಿಸಲು ವಾಷಿಂಗ್ಟನ್ ಮುಖ್ಯ ನ್ಯಾಯಮೂರ್ತಿ ಜಾನ್ ಜೇ ಅವರನ್ನು ಲಂಡನ್‌ಗೆ ಕಳಿಸಿದರು. 1794ರ ನವೆಂಬರ್ 19ರಂದು ಬ್ರಿಟಿಷರ ಜೊತೆಗಿನ ಒಪ್ಪಂದಕ್ಕೆ ಜೇ ಸಹಿ ಹಾಕಿದರು.

ಅದರಲ್ಲಿ ಏನಿತ್ತು ಅನ್ನುವುದನ್ನು ಒಂದು ಹಡಗಿನೊಳಗೆ ಇಳಿದೇ ನೋಡಿ. ಅಮೆರಿಕದ ಹಡಗು, ಒಳಗೆ ಎರಡು ಪೀಪಾಯಿ ಸಕ್ಕರೆ. ಒಂದು ಫ್ರೆಂಚ್ ವ್ಯಾಪಾರಿಯದು, ಇನ್ನೊಂದು ಬ್ರಿಟಿಷ್ ವ್ಯಾಪಾರಿಯದು. 1778ರ ವ್ಯಾಪಾರದ ಒಪ್ಪಂದದ ಪ್ರಕಾರ, ಹಡಗು ಅಮೆರಿಕದ್ದಾದರೆ ಅದರೊಳಗಿನ ಶತ್ರುವಿನ ಸರಕನ್ನೂ ಮುಟ್ಟುವ ಹಾಗಿಲ್ಲ. ಹಾಗಾಗಿ ಫ್ರೆಂಚ್ ನೌಕೆ ಎದುರಾದರೆ ಬ್ರಿಟಿಷರ ಪೀಪಾಯಿ ಕ್ಷೇಮ. ಬ್ರಿಟಿಷ್ ನೌಕೆ ಎದುರಾದರೆ? ಶತ್ರುವಿನ ಸರಕನ್ನು ಎತ್ತಿಕೊಂಡು ಹೋಗಬಹುದು ಅಂತ ಜೇ ಒಪ್ಪಿಬಂದಿದ್ದರು. ಫ್ರೆಂಚರ ಪೀಪಾಯಿ ಹೋಯಿತು. ಪ್ಯಾರಿಸ್‌ನವರಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನಿದೆ?

ಅಮೆರಿಕದ ಜನರೇ ರೊಚ್ಚಿಗೆದ್ದರು. ಊರೂರಲ್ಲಿ ಜೇ ಪ್ರತಿಕೃತಿ ಸುಟ್ಟರು. ನ್ಯೂಯಾರ್ಕ್‌ನಲ್ಲಿ ಒಪ್ಪಂದದ ಪರ ಮಾತಾಡಲು ನಿಂತ ಹ್ಯಾಮಿಲ್ಟನ್‌ಗೆ ಕಲ್ಲು ಬಿತ್ತು. ಸೆನೆಟ್‌ನಲ್ಲಿ 20 ಮತ ಪರ, 10 ವಿರೋಧ. ಬೇಕಾಗಿದ್ದ ಮೂರನೇ ಎರಡು ಭಾಗ ಸರಿಯಾಗಿ ಅಷ್ಟೇ, ಒಂದು ಮತವೂ ಹೆಚ್ಚಿಲ್ಲ. ಯುದ್ಧ ತಪ್ಪಿತು, ಅಮೆರಿಕದ ನೆಲದಲ್ಲಿ ಇನ್ನೂ ಹಿಡಿದಿಟ್ಟುಕೊಂಡಿದ್ದ ಪಶ್ಚಿಮದ ಕೋಟೆಗಳನ್ನು ಬ್ರಿಟಿಷರು ಬಿಟ್ಟುಕೊಟ್ಟರು. ಅದು ದೊಡ್ಡ ಲಾಭ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬೆಲೆಯನ್ನು ಹಳೆಯ ಗೆಳೆಯನ ಲೆಕ್ಕಕ್ಕೆ ಬರೆದರು.

ಆ ಬೆಲೆ ವಾಷಿಂಗ್ಟನ್ ಮನೆ ಬಾಗಿಲಿಗೂ ಬಂತು. ಅಮೆರಿಕಕ್ಕಾಗಿ ಹೋರಾಡಿದ ಫ್ರಾನ್ಸಿನ ಲಫಾಯೆತ್ ವಾಷಿಂಗ್ಟನ್‌ಗೆ ಮಗನಂತೆ. ಕೆಡವಿದ ಬಾಸ್ತೀಯ್ ಸೆರೆಮನೆಯ ಕಬ್ಬಿಣದ ಬೀಗದ ಕೈಯನ್ನು ಅವನು ಕಳಿಸಿಕೊಟ್ಟಿದ್ದ. ಅದು ಇವತ್ತಿಗೂ ಮೌಂಟ್ ವರ್ನನ್ ಮನೆಯಲ್ಲಿದೆ. ಕ್ರಾಂತಿಯ ಸರ್ಕಾರಕ್ಕೆ ಬೇಡವಾದ ಲಫಾಯೆತ್ ಈಗ ಆಸ್ಟ್ರಿಯದ ಸೆರೆಯಲ್ಲಿದ್ದ. 1795ರ ಆಗಸ್ಟ್‌ನಲ್ಲಿ ಅವನ 15 ವರ್ಷದ ಮಗ ಬಾಸ್ಟನ್‌ಗೆ ಬಂದಿಳಿದ. ಹುಡುಗನ ಹೆಸರೇ ಜಾರ್ಜ್ ವಾಷಿಂಗ್ಟನ್. ಫ್ರಾನ್ಸ್ ಇನ್ನೂ ಕೆರಳುತ್ತದೆ ಅಂತ ಅಧ್ಯಕ್ಷರು ಅವನನ್ನು ತಕ್ಷಣ ಕರೆಸಿಕೊಳ್ಳಲಿಲ್ಲ. ಮುಂದಿನ ವಸಂತದವರೆಗೂ ಆ ಮಗು ಕಾಯಬೇಕಾಯಿತು.

ಆಮೇಲೆ ಫ್ರಾನ್ಸ್ ಕೂಡ ಅಮೆರಿಕದ ಹಡಗುಗಳನ್ನು ಹಿಡಿಯತೊಡಗಿತು. 1798ರ ಜುಲೈನಲ್ಲಿ ಅಮೆರಿಕದ ಕಾಂಗ್ರೆಸ್ ಹಳೆಯ ಒಪ್ಪಂದಗಳನ್ನು ರದ್ದು ಮಾಡಿತು. ಸಾರದೆಯೇ ಎರಡು ವರ್ಷ ಸಮುದ್ರದಲ್ಲಿ ಯುದ್ಧ ನಡೆಯಿತು. 1800ರ ಸೆಪ್ಟೆಂಬರ್ 30ರಂದು ರಾಜಿಯಾಯಿತು. ಕೊನೆಗೆ ಆದ ಇತ್ಯರ್ಥ ಹೀಗಿತ್ತು: ಫ್ರಾನ್ಸ್ ಹಳೆಯ ಮೈತ್ರಿಯ ಹಕ್ಕು ಬಿಡಬೇಕು, ಅಮೆರಿಕ ತನ್ನ ವ್ಯಾಪಾರಿಗಳು ಕಳೆದುಕೊಂಡ ಹಡಗು, ಸರಕಿನ ಪರಿಹಾರ ಕೇಳಬಾರದು. ಆ ವ್ಯಾಪಾರಿಗಳು ತಮ್ಮ ಸರ್ಕಾರವನ್ನೇ ಕೇಳತೊಡಗಿದರು. ಅವರ ಅರ್ಜಿಗಳನ್ನು ನ್ಯಾಯಾಲಯ ವಿಚಾರಿಸಬಹುದು ಅಂತ ಕಾಂಗ್ರೆಸ್ ಕಾನೂನು ಮಾಡಿದ್ದು 1885ರಲ್ಲಿ. ಅಷ್ಟೊತ್ತಿಗೆ ಕಾಗದ ಹಿಡಿದು ಬಂದವರು ಅವರ ಮೊಮ್ಮಕ್ಕಳು, ಮರಿಮಕ್ಕಳು.