ನಳಾ ಬಂದರೆ ಮಗ್ಗ ನಿಲ್ಲುತ್ತಿತ್ತು

‘ಯವ್ವಾ, ನಳಾ ಬಂದಾವ!’

ಬೆಳಗಾವಿಯ ವಡಗಾವಿಯಲ್ಲಿ ನಮ್ಮ ಓಣಿಗೆ ಈ ಕೂಗು ಬಿದ್ದರೆ ಮೊದಲು ನಿಲ್ಲುತ್ತಿದ್ದದ್ದು ಮಗ್ಗದ ಸದ್ದು. ಅವ್ವ ಸೀರೆಯನ್ನು ಅರ್ಧಕ್ಕೆ ಬಿಟ್ಟು ಕೊಡ ಹಿಡಿದು ಓಡುತ್ತಿದ್ದಳು. ಹಂಡೆ, ಡ್ರಮ್, ಬಕೀಟು ಮುಗಿದ ಮೇಲೆ ತಂಬಿಗೆಯೂ ತುಂಬಬೇಕು, ಯಾಕೆಂದರೆ ಮುಂದಿನ ನೀರು ಐದಾರು ದಿನಕ್ಕೆ. ನಸುಕಿನ ಮೂರಕ್ಕೆ ಬಂದರೂ ಸರಿ, ಎದ್ದು ಕಾಯಬೇಕು. ನೇಕಾರರ ಮನೆಯಲ್ಲಿ ಕೂಲಿ ಸೀರೆಯ ಲೆಕ್ಕದ್ದು. ನಿಂತ ಮಗ್ಗಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಊರಿನ ಅಭಿವೃದ್ಧಿ ಎಂದರೆ ನಮಗೆ ಕಾರ್ಖಾನೆ, ಅಗಲ ರಸ್ತೆ ಕಣ್ಣಮುಂದೆ ಬರುತ್ತವೆ. ಪಾಲಿಕೆಯೊಂದು ಜನರ ದುಡಿಮೆಗೂ ಆರೋಗ್ಯಕ್ಕೂ ಒಟ್ಟಿಗೇ ಮಾಡಬಹುದಾದ ದೊಡ್ಡ ಕೆಲಸ ನೆಲದಡಿಯ ಪೈಪಿನಲ್ಲಿದೆ ಎಂದು ನಾನು ನಂಬಿದ್ದೇನೆ. ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳಿಗೆಂದು 18 ವಿಷಯಗಳನ್ನು ಪಟ್ಟಿ ಮಾಡಿತು. ಆರ್ಥಿಕ, ಸಾಮಾಜಿಕ ಅಭಿವೃದ್ಧಿಯ ಯೋಜನೆಯೂ ನೀರು ಪೂರೈಕೆಯೂ ಅದೇ ಪಟ್ಟಿಯಲ್ಲಿವೆ.

ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ಬೆಳಗಾವಿಗೆ ಬರುವ ನೀರು ಶುದ್ಧವಾಗಿಯೇ ಪೈಪು ಸೇರುತ್ತದೆ. ಕೆಡುವುದು ದಾರಿಯಲ್ಲಿ. ಪೈಪು ತುಂಬಿ ಹರಿಯುವಾಗ ಒಳಗಿನ ಒತ್ತಡ ಹೆಚ್ಚು. ಬಿರುಕು ಇದ್ದರೂ ನೀರು ಹೊರಗೆ ಸೋರೀತೇ ಹೊರತು ಹೊಲಸು ಒಳಗೆ ಬಾರದು. ವಾಲ್ವ್ ತಿರುವಿ ನೀರು ನಿಲ್ಲಿಸಿದಾಗ ಲೆಕ್ಕ ತಿರುವುಮುರುವು. ಒಳಗಿನ ಒತ್ತಡ ಇಳಿಯುತ್ತದೆ, ಪಕ್ಕದ ಗಟಾರದ ನೀರು ಅದೇ ಬಿರುಕಿನಿಂದ ಒಳಸೇರುತ್ತದೆ. ನಳಕ್ಕೆ ನೇರ ಮೋಟಾರ್ ಹಚ್ಚಿ ಎಳೆದರಂತೂ ಪೈಪು ಸುತ್ತಲಿನದನ್ನೆಲ್ಲ ಹೀರುತ್ತದೆ. ಇನ್ನು ದಿನಗಟ್ಟಲೆ ಮುಚ್ಚದೆ ಇಟ್ಟ ಡ್ರಮ್ಮು ಡೆಂಗಿ ಸೊಳ್ಳೆಗೆ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಸಾಕು.

2008ರ ಹೊತ್ತಿಗೆ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ಹೊಸ ಪೈಪು, ಮನೆಮನೆಗೆ ಮೀಟರು ಹಾಕಿ 24 ತಾಸಿನ ನೀರು ಶುರುವಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ಎರಡೂ ಬಗೆಯ ವಾರ್ಡುಗಳ ನಳದ ನೀರನ್ನು ಪರೀಕ್ಷಿಸಿದರು. ಬಿಟ್ಟು ಬಿಟ್ಟು ನೀರು ಬರುವಲ್ಲಿ ಶೇ 31.7 ಮಾದರಿಗಳಲ್ಲಿ ಇ-ಕೋಲಿ, ಅಂದರೆ ನೀರಿಗೆ ಮಲದ ಹೊಲಸು ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ, ಸಿಕ್ಕಿತು. ಸದಾ ಬರುವಲ್ಲಿ ಶೇ 0.7 ಮಾತ್ರ. ಎಳೆ ಮಕ್ಕಳ ಭೇದಿ ಒಟ್ಟಾರೆಯಾಗಿ ಗಮನಾರ್ಹವಾಗಿ ತಗ್ಗಲಿಲ್ಲ, ಅದನ್ನೂ ಹೇಳಬೇಕು: ಭೇದಿಗೆ ಕುಡಿಯುವ ನೀರೊಂದೇ ದಾರಿಯಲ್ಲ. ಆದರೆ ಟೈಫಾಯ್ಡ್ ಬಂದ ಮನೆಗಳು ಶೇ 42ರಷ್ಟು ಕಡಿಮೆ ಇದ್ದವು, ಬಡವರ ಮನೆಯ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ ಇತ್ತು. ಒಂದು ಟೈಫಾಯ್ಡ್ ಎಂದರೆ ಔಷಧದ ಖರ್ಚಿನ ಜೊತೆ ವಾರಗಟ್ಟಲೆ ಕೂಲಿಯೂ ಹೋದಂತೆ.

ಹಗಲೂ ರಾತ್ರಿ ನೀರು ಬಿಟ್ಟರೆ ಪೋಲಾಗುವುದಿಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ಹೊಸ ನೀರು ಬಂತೆಂದು ಹಳೆಯದನ್ನು ಗಟಾರಕ್ಕೆ ಚೆಲ್ಲುವುದು, ನಳ ತಿರುವಿಟ್ಟೇ ಮಲಗುವುದು, ಇವೆಲ್ಲ ನೀರು ಯಾವಾಗ ಬರುತ್ತದೋ ಎಂಬ ಭಯದ ಅಭ್ಯಾಸಗಳು. ಮೀಟರಿನ ಬಿಲ್ಲು ಬಡವರಿಗೆ ಹೊರೆಯಾಗದಂತೆ ಮೊದಲ ಕೆಲವು ಸಾವಿರ ಲೀಟರಿಗೆ ದರ ಇಳಿಸಲೇಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಪೈಪು ಸದಾ ತುಂಬಿದ್ದರೆ ಸೋರಿಕೆ ಹಿಡಿಯುವುದೂ ಸುಲಭ. ನಸುಕಿನ ಎರಡು ಮೂರರ ಹೊತ್ತಿಗೆ ಊರು ಮಲಗಿರುತ್ತದೆ, ಯಾರೂ ನಳ ತಿರುವುವುದಿಲ್ಲ. ಆಗಲೂ ಬಡಾವಣೆಯ ದೊಡ್ಡ ಮೀಟರು ಜೋರಾಗಿ ತಿರುಗುತ್ತಿದ್ದರೆ ಎಲ್ಲೋ ನೀರು ಮಣ್ಣು ಸೇರುತ್ತಿದೆ ಎಂದರ್ಥ. ಸಿಬ್ಬಂದಿ ಉದ್ದನೆಯ ಸರಳಿನ ಒಂದು ತುದಿಯನ್ನು ಪೈಪಿಗೆ, ಇನ್ನೊಂದನ್ನು ಕಿವಿಗೆ ಹಚ್ಚುತ್ತಾರೆ. ಅವ್ವ ಕೊಡ ಇಟ್ಟುಕೊಂಡು ಕಾಯುತ್ತಿದ್ದ ಅದೇ ಹೊತ್ತಿನಲ್ಲಿ, ಹಗಲಿನ ಗದ್ದಲದಲ್ಲಿ ಕೇಳದ ಸೋರಿಕೆ ಸುಂಯ್ ಎಂದು ಕೇಳುತ್ತದೆ.